ಸಾಕ್ಷ್ಯವಚನದ ಪ್ರಾಮಾಣ್ಯ: ನವಾಹೊ ನಾಡಿನ ಯುರೇನಿಯಂ ಗಣಿಗಳನ್ನು ಕುರಿತ ಕೆಲವು ಬರಹಗಳ ವಿಮರ್ಶೆ

೧

ಕಾವ್ಯ, ನಾಟಕ, ಕಾದಂಬರಿಗಳು ವಿಮರ್ಶೆಯ ವಿಷಯವೆಂಬುದನ್ನು ಎಲ್ಲರೂ ಒಪ್ಪುತ್ತಾರೆ. ಕಷ್ಟಕ್ಕೆ ಸಿಕ್ಕಿದ ಸಾಮಾನ್ಯ ಜನರು ತಮಗೆ ಒದಗಿದುದನ್ನು ತಮ್ಮ ಮಾತಿನಲ್ಲಿಯೇ ಹೇಳಿ, ಅದನ್ನು ಬೇರೆಯವರು ಬರೆದುಕೊಂಡು ಪ್ರಕಟಿಸಿದ ಗ್ರಂಥಗಳ ವಿಷಯದಲ್ಲಿ ಇಂಥ ಒಮ್ಮತವಿಲ್ಲ. ಅವುಗಳನ್ನು ಇತಿಹಾಸಕಾರನಿಗೋ ಸಮಾಜಶಾಸ್ತ್ರಜ್ಞನಿಗೋ ಬಿಟ್ಟುಕೊಟ್ಟು ಸಾಹಿತ್ಯದ ವಿದ್ಯಾರ್ಥಿಯು ದೂರ ನಿಲ್ಲುವುದೇ ವಾಡಿಕೆಯಾಗಿದೆ. ಈ ವಾಡಿಕೆ ಸಾಧುವಾದುದಲ್ಲವೆಂದು ನಮ್ಮ ಅಭಿಪ್ರಾಯ. ಒಂದು ಮಾತನ್ನು ಯಾರು ಆಡಿದರು, ಯಾರಿಗೆ ಆಡಿದರು, ಯಾವ ರೂಪದಲ್ಲಿ ಆಡಿದರು, ಕೇಳಿದವರು ಅದನ್ನು ನಂಬುವುದಕ್ಕೆ ಆಧಾರವೇನು—ಇವು ವಿಮರ್ಶೆಯ ಮೂಲಪ್ರಶ್ನೆಗಳು. ಈ ಪ್ರಶ್ನೆಗಳಿಗೆ ದೊರೆತ ಉತ್ತರದ ಮೇಲೆ ಮನುಷ್ಯರ ಪ್ರಾಣವೂ ಜೀವನೋಪಾಯವೂ ನಿಂತಿದ್ದ ಒಂದು ಪ್ರಸಂಗವನ್ನು ಪ್ರಕೃತ ಲೇಖನದಲ್ಲಿ ಪರಿಶೀಲಿಸಲು ಯತ್ನಿಸುತ್ತೇವೆ.

ಆ ಪ್ರಸಂಗ ಅಮೆರಿಕಾ ಸಂಯುಕ್ತ ಸಂಸ್ಥಾನಗಳ ನೈಋತ್ಯ ಭಾಗದಲ್ಲಿರುವ ನವಾಹೊ ಜನರ ನಾಡಿಗೆ ಸಂಬಂಧಿಸಿದುದು. ಈ ಜನರು ತಮ್ಮನ್ನು ತಾವು ಡಿನೆ ಎಂದು ಕರೆದುಕೊಳ್ಳುತ್ತಾರೆ. ಅರಿಜೋನ, ನ್ಯೂ ಮೆಕ್ಸಿಕೊ, ಯೂಟ ಎಂಬ ಮೂರು ಸಂಸ್ಥಾನಗಳಲ್ಲಿ ಹರಡಿರುವ, ಸುಮಾರು ೨೭,೦೦೦ ಚದರ ಮೈಲಿಗಳ ಆ ನೆಲದಿಂದ ೧೯೪೪ರಿಂದ ೧೯೮೬ರವರೆಗೆ ಸುಮಾರು ಮೂರು ಕೋಟಿ ಟನ್ನುಗಳಷ್ಟು ಯುರೇನಿಯಂ ಅದಿರನ್ನು ತೆಗೆಯಲಾಯಿತು. ಅಗೆಯಿಸಿದವರು ಗುತ್ತಿಗೆ ಪಡೆದ ಖಾಸಗಿ ಕಂಪನಿಗಳವರು. ಬಹುಕಾಲ ಅದನ್ನು ಕೊಳ್ಳುತ್ತಿದ್ದುದು ಕೇಂದ್ರ ಸರಕಾರದ ಪರಮಾಣುಶಕ್ತಿ ಆಯೋಗವೊಂದೇ. ಅಗೆದವರಲ್ಲಿ ಸಾವಿರಾರು ಮಂದಿ ನವಾಹೊ ಗಂಡಸರು. ಕೆಲಸ ನಿಂತಮೇಲೆ ಐನೂರಕ್ಕೂ ಹೆಚ್ಚು ಗಣಿಗಳು ಶುದ್ಧಿಗೊಳ್ಳದೆ ಹಾಗೆಯೇ ಉಳಿದವು. ಕುರಿ ಮೇಯುವ ಗುಡ್ಡ, ಮಕ್ಕಳು ಆಡುವ ದಿಬ್ಬ, ನೀರು ಸೇದುವ ಬಾವಿ—ಇವುಗಳ ಮಗ್ಗುಲಲ್ಲಿಯೇ ಅವು ಇದ್ದವು.

ಈ ವಿಷಯವನ್ನು ಕುರಿತು ಬೆಳೆದಿರುವ ಬರಹ ಸ್ವಲ್ಪವಲ್ಲ. ಅದೆಲ್ಲವನ್ನೂ ಇಲ್ಲಿ ಸಮೀಕ್ಷಿಸುವ ಉದ್ದೇಶ ನಮಗಿಲ್ಲ. ಮೂರು ಬಗೆಯ ಬರಹಗಳನ್ನು ಮಾತ್ರ ಎತ್ತಿಕೊಂಡಿದ್ದೇವೆ: ಮೊದಲನೆಯದು, ಸರಕಾರದ ವೈದ್ಯರು ಬರೆದ ಶಾಸ್ತ್ರೀಯ ವರದಿಗಳು, ಎರಡನೆಯದು, ಪತ್ರಕರ್ತೆ ಜೂಡಿ ಪಾಸ್ಟರ್ನಾಕ್ ೨೦೧೦ರಲ್ಲಿ ಪ್ರಕಟಿಸಿದ 'ಯೆಲ್ಲೊ ಡರ್ಟ್' ಎಂಬ ಗ್ರಂಥ, ಮೂರನೆಯದು, ಡಗ್ ಬ್ರುಗ್, ಟಿಮೊತಿ ಬೆನಾಲಿ, ಎಸ್ತರ್ ಯಾಜ಼ಿ-ಲೂಯಿಸ್ ಈ ಮೂವರು ಸಂಪಾದಿಸಿ ನ್ಯೂ ಮೆಕ್ಸಿಕೊ ವಿಶ್ವವಿದ್ಯಾನಿಲಯದ ಮುದ್ರಣಾಲಯ ೨೦೦೬ರಲ್ಲಿ ಹೊರತಂದ 'ದಿ ನವಾಹೊ ಪೀಪಲ್ ಅಂಡ್ ಯುರೇನಿಯಂ ಮೈನಿಂಗ್' ಎಂಬ ಸಂಕಲನ. ಇವುಗಳೊಡನೆ ಒಂದು ಚಲಚ್ಚಿತ್ರದ ಪ್ರಸ್ತಾಪವೂ ಬರುತ್ತದೆ. ಇವುಗಳಲ್ಲಿ ಯಾವುದರ ಮಾತು ಪ್ರಮಾಣ, ಯಾವ ಕಾರಣದಿಂದ ಪ್ರಮಾಣ ಎಂಬುದೇ ನಮ್ಮ ವಿಚಾರದ ಕೇಂದ್ರ.

೨

ಅಳೆಯುವುದಕ್ಕೆ ಒಂದು ಅಳತೆಗೋಲು ಬೇಕು. ನಮ್ಮ ನ್ಯಾಯದರ್ಶನವು ಪ್ರತ್ಯಕ್ಷ, ಅನುಮಾನ, ಉಪಮಾನಗಳ ಜೊತೆಗೆ ಶಬ್ದವನ್ನೂ ಪ್ರಮಾಣವೆಂದು ಒಪ್ಪುತ್ತದೆ. ಆದರೆ ಎಲ್ಲರ ಶಬ್ದವನ್ನೂ ಅಲ್ಲ, ಆಪ್ತನ ಶಬ್ದವನ್ನು ಮಾತ್ರ. ಆಪ್ತನೆಂದರೆ ಯಾರು? ವಾತ್ಸ್ಯಾಯನನ ಭಾಷ್ಯದಲ್ಲಿ ಇದಕ್ಕೆ ದೊರೆಯುವ ವಿವರಣೆಯ ತಾತ್ಪರ್ಯ ಇಷ್ಟು: ಹೇಳುವವನು ವಿಷಯವನ್ನು ತಾನೇ ಸಾಕ್ಷಾತ್ತಾಗಿ ಅರಿತಿರಬೇಕು, ಅರಿತುದನ್ನು ಅರಿತಂತೆಯೇ ಪರರಿಗೆ ತಿಳಿಸಬೇಕೆಂಬ ಇಚ್ಛೆಯೂ ಅವನಲ್ಲಿರಬೇಕು. ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನವೆಂದು ಭಾಷ್ಯಕಾರನು ಸೇರಿಸುತ್ತಾನೆ. ಕುಲ, ವಿದ್ಯೆ, ಪದವಿಗಳು ಆಪ್ತತ್ವಕ್ಕೆ ಕಾರಣವಲ್ಲ. ಅರಿವು ಮತ್ತು ತಿಳಿಸುವ ಇಚ್ಛೆ ಇವೆರಡೇ ಕಾರಣ ಎಂಬುದು ಇದರಿಂದ ಸಿದ್ಧವಾಗುತ್ತದೆ.

ಈ ಅಳತೆಗೋಲು ಆ ನಾಡಿನದಲ್ಲವಲ್ಲ ಎಂದು ಯಾರಾದರೂ ಆಕ್ಷೇಪಿಸಬಹುದು. ಪರದೇಶದ ಕೃತಿಯನ್ನು ಓದುವವನು ತನ್ನಲ್ಲಿರುವ ಬೆಳಕಿನಿಂದಲೇ ಓದಬೇಕಷ್ಟೆ. ಮೇಲಾಗಿ, ಈ ಪ್ರಸಂಗದಲ್ಲಿ ಅರಿವು ಒಂದು ಕಡೆ, ತಿಳಿಸುವ ಇಚ್ಛೆ ಇನ್ನೊಂದು ಕಡೆ ಹೀಗೆ ಸೀಳಿಹೋದುದೇ ಅನರ್ಥಕ್ಕೆ ಮೂಲವಾಯಿತಾದುದರಿಂದ, ಇವೆರಡನ್ನೂ ಕೂಡಿಸಿ ಹೇಳುವ ಲಕ್ಷಣಕ್ಕಿಂತ ಉಚಿತವಾದ ಒರೆಗಲ್ಲು ನಮಗೆ ಬೇರೆ ತೋರಲಿಲ್ಲ.

೩

ಮೊದಲು ವೈದ್ಯರ ವರದಿಗಳನ್ನು ನೋಡೋಣ. ಯುರೇನಿಯಂ ಗಣಿಯೊಳಗಿನ ಅಪಾಯ ಇಪ್ಪತ್ತನೆಯ ಶತಮಾನದ ನಡುವೆ ಹೊಸದಾಗಿ ತಿಳಿದುಬಂದ ಸಂಗತಿಯಲ್ಲ. ಮಧ್ಯ ಯೂರೋಪಿನ ಷ್ನೇಬರ್ಗ್ ಗಣಿಗಾರರು ಎದೆರೋಗದಿಂದ ಸಾಯುತ್ತಿದ್ದುದಕ್ಕೆ ಶ್ವಾಸಕೋಶದ ದುರ್ಮಾಂಸವೇ ಕಾರಣವೆಂದು ೧೮೭೯ರಷ್ಟು ಹಿಂದೆಯೇ ಇಬ್ಬರು ಜರ್ಮನ್ ವೈದ್ಯರು ಬರೆದಿದ್ದರು. ಯುರೇನಿಯಂ ತಾನಾಗಿಯೇ ಕ್ಷಯಿಸುತ್ತ ರೇಡಿಯಂ ಆಗಿ, ರೇಡಿಯಂ ರೇಡಾನ್ ಎಂಬ ಅನಿಲವಾಗಿ ಹೊರಬರುತ್ತದೆ. ಆ ಅನಿಲದ ಸಂತತಿಯಾದ ಘನಕಣಗಳು ಧೂಳಿಗೆ ಅಂಟಿಕೊಂಡು ಉಸಿರಿನೊಡನೆ ಶ್ವಾಸಕೋಶವನ್ನು ಸೇರಿ ಅಲ್ಲಿಯೇ ಕುಳಿತು ವಿಕಿರಣ ಸೂಸುತ್ತವೆ. ಗಣಿಯೊಳಕ್ಕೆ ಹೊಸ ಗಾಳಿಯನ್ನು ಧಾರಾಳವಾಗಿ ನುಗ್ಗಿಸಿದರೆ ಈ ಅಪಾಯ ಬಹುಮಟ್ಟಿಗೆ ತಗ್ಗುತ್ತದೆ. ಪರಿಹಾರ ಗೂಢವಾದುದೂ ಅಲ್ಲ, ಅಸಾಧ್ಯವಾದುದೂ ಅಲ್ಲ.

ಅಮೆರಿಕದ ಸಾರ್ವಜನಿಕ ಆರೋಗ್ಯ ಇಲಾಖೆಯು ೧೯೫೦ರಲ್ಲಿ ಕೊಲರಾಡೊ ಪ್ರಸ್ಥಭೂಮಿಯ ಗಣಿಗಾರರ ವ್ಯಾಸಂಗವನ್ನು ಆರಂಭಿಸಿತು. ಡಂಕನ್ ಹಾಲಡೆ ಮೊದಲಾದವರು ಗಣಿಯ ಗಾಳಿಯಲ್ಲಿ ರೇಡಾನನ್ನು ಅಳೆದರು. ವೈದ್ಯರು ಗಣಿಗಾರರ ರಕ್ತ, ಮೂತ್ರ, ಎದೆಯ ಕ್ಷಕಿರಣ ಚಿತ್ರಗಳನ್ನು ಪರೀಕ್ಷಿಸಿದರು. ಆದರೆ ಗಣಿಗಳೊಳಗೆ ಪ್ರವೇಶ ದೊರೆಯಬೇಕಾದರೆ ಅಪಾಯದ ಸುದ್ದಿ ಕಾರ್ಮಿಕರ ಕಿವಿಗೆ ಬೀಳಬಾರದೆಂಬ ಕಂಪನಿಗಳ ಷರತ್ತಿಗೆ ಇಲಾಖೆ ಒಪ್ಪಿಕೊಂಡಿತು. ಪರೀಕ್ಷೆ ಏತಕ್ಕೆಂಬುದು ಪರೀಕ್ಷೆಗೊಳಗಾದವನಿಗೆ ತಿಳಿಯಲಿಲ್ಲ. ಕ್ಯಾನ್ಸರಿನ ಪ್ರಮಾಣ ಹೆಚ್ಚಿರುವುದನ್ನು ತೋರಿಸುವ ಪ್ರಬಂಧ ೧೯೬೨ರಲ್ಲಿಯೂ, ವಿಕಿರಣವೇ ಅದಕ್ಕೆ ಕಾರಣವೆಂದು ಪ್ರತಿಪಾದಿಸುವ ಪ್ರಬಂಧ ೧೯೬೫ರಲ್ಲಿಯೂ ವೈದ್ಯಕೀಯ ಪತ್ರಿಕೆಗಳಲ್ಲಿ ಅಚ್ಚಾದವು. ಆ ಸಮೂಹದಲ್ಲಿಯೇ ಇದ್ದ ೭೫೭ ಮಂದಿ ನವಾಹೊ ಗಣಿಗಾರರ ಮರಣಗಳನ್ನು ಪ್ರತ್ಯೇಕವಾಗಿ ಪರಿಶೀಲಿಸಿದ ಪ್ರಬಂಧ ಬಂದುದು ೧೯೯೫ರಲ್ಲಿ. ಶ್ವಾಸಕೋಶದ ಕ್ಯಾನ್ಸರಿನಿಂದ ಸತ್ತವರ ಸಂಖ್ಯೆ ನಿರೀಕ್ಷಿತ ಸಂಖ್ಯೆಯ ಮೂರು ಪಟ್ಟನ್ನು ಮೀರಿತ್ತೆಂದು ಅದು ತೋರಿಸಿತು. ೧೯೬೯ರಿಂದ ೧೯೯೩ರವರೆಗೆ ನವಾಹೊ ಗಂಡಸರಲ್ಲಿ ಕಂಡುಬಂದ ೯೪ ಶ್ವಾಸಕೋಶ ಕ್ಯಾನ್ಸರ್ ಪ್ರಸಂಗಗಳಲ್ಲಿ ೬೩ ಮಂದಿ ಹಿಂದೆ ಯುರೇನಿಯಂ ಗಣಿಗಳಲ್ಲಿ ದುಡಿದವರೇ ಎಂದು ೨೦೦೦ದ ಮತ್ತೊಂದು ಪ್ರಬಂಧ ತಿಳಿಸಿತು. ಹೊಗೆಸೊಪ್ಪಿನ ಬಳಕೆ ಬಹು ಕಡಿಮೆಯಾಗಿದ್ದ ಜನಾಂಗ ಅದು ಎಂಬುದನ್ನು ಇಲ್ಲಿ ನೆನೆಯಬೇಕು.

ಈ ಪ್ರಬಂಧಗಳ ಶಾಸ್ತ್ರೀಯ ಯೋಗ್ಯತೆಯನ್ನು ನಾವು ಅಲ್ಲಗಳೆಯುವುದಿಲ್ಲ. ಅವುಗಳಿಲ್ಲದಿದ್ದರೆ ಮುಂದಿನ ಕಾಲದ ಯಾವ ವಾದವೂ ನಿಲ್ಲುತ್ತಿರಲಿಲ್ಲ. ಹಾಲಡೆಯಂಥವರು ಗಾಳಿಯ ವ್ಯವಸ್ಥೆಯನ್ನು ಸುಧಾರಿಸಬೇಕೆಂದು ಅಧಿಕಾರಿಗಳನ್ನು ಒತ್ತಾಯಿಸಿದುದೂ ಉಂಟು. ಆದರೂ ನಮ್ಮ ಲಕ್ಷಣಕ್ಕೆ ಹಿಡಿದು ನೋಡಿದರೆ ಇವುಗಳ ದೋಷ ಸ್ಪಷ್ಟವಾಗುತ್ತದೆ. ಅರಿವು ಇದೆ, ಯಾರ ದೇಹದಿಂದ ಆ ಅರಿವನ್ನು ಪಡೆಯಲಾಯಿತೋ ಅವನಿಗೆ ಅದನ್ನು ತಿಳಿಸುವ ಇಚ್ಛೆ ಇಲ್ಲ, ಅಥವಾ ಇಚ್ಛೆಯನ್ನು ಷರತ್ತಿಗೆ ಒತ್ತೆಯಿಡಲಾಗಿದೆ. ವರದಿಯ ವಾಕ್ಯರಚನೆಯೂ ಇದಕ್ಕೆ ಅನುಗುಣವಾಗಿಯೇ ಇದೆ. ಕರ್ಮಣಿ ಪ್ರಯೋಗ ಅಲ್ಲಿ ಆಕಸ್ಮಿಕವಲ್ಲ. ಪರೀಕ್ಷೆಗಳು ನಡೆಸಲ್ಪಡುತ್ತವೆ, ಮರಣಗಳು ಎಣಿಸಲ್ಪಡುತ್ತವೆ. ನಡೆಸಿದವನು, ಸುಮ್ಮನಿದ್ದವನು ವಾಕ್ಯದಿಂದ ಜಾರಿಹೋಗುತ್ತಾನೆ. ಸತ್ಯವನ್ನು ಹೇಳಿಯೂ ಆಪ್ತವಚನವಾಗದ ಬರಹ ಇದು.

೪

ಪಾಸ್ಟರ್ನಾಕರ ಗ್ರಂಥ ಈ ಮೌನವನ್ನು ಮುರಿಯುವ ಉದ್ದೇಶದಿಂದಲೇ ಹುಟ್ಟಿತು. ೨೦೦೬ರಲ್ಲಿ ಲಾಸ್ ಏಂಜಲಿಸಿನ ಒಂದು ಪತ್ರಿಕೆಯಲ್ಲಿ ಲೇಖಕಿ ಬರೆದ ಲೇಖನಮಾಲೆಯೇ ಅದರ ಬೀಜ. ಆ ಲೇಖನಗಳ ಪರಿಣಾಮವಾಗಿ ೨೦೦೭ರಲ್ಲಿ ಹೆನ್ರಿ ವಾಕ್ಸ್‌ಮನ್ ಅಧ್ಯಕ್ಷರಾಗಿದ್ದ ಲೋಕಪ್ರತಿನಿಧಿಗಳ ಸಮಿತಿಯು ವಿಚಾರಣೆ ನಡೆಸಿ, ಕೇಂದ್ರ ಸರಕಾರದ ಇಲಾಖೆಗಳಿಂದ ಐದು ವರ್ಷಗಳ ಶುದ್ಧೀಕರಣ ಯೋಜನೆಯೊಂದನ್ನು ಮಾಡಿಸಿತು. ಬರಹವೊಂದು ಲೋಕವ್ಯವಹಾರದಲ್ಲಿ ಇಷ್ಟು ಪ್ರತ್ಯಕ್ಷವಾದ ಫಲವನ್ನು ಕೊಡುವುದು ಅಪರೂಪ. ಆ ಗೌರವ ಈ ಲೇಖಕಿಗೆ ಸಲ್ಲಲೇಬೇಕು.

ಗ್ರಂಥದ ಸಂವಿಧಾನವೂ ಚತುರವಾದುದು. ಮಾನ್ಯುಮೆಂಟ್ ವ್ಯಾಲಿಯ ಬಳಿಯ ಕೇನ್ ಕಣಿವೆಯಲ್ಲಿದ್ದ ಅಡಕಾಯ್ ಎಂಬ ಹಿರಿಯನ ಸಂತತಿಯನ್ನು ನಾಲ್ಕು ತಲೆಮಾರುಗಳವರೆಗೆ ಅದು ಅನುಸರಿಸುತ್ತದೆ. ಆ ಹಿರಿಯನ ಮಗ ಬಿಳಿಯ ವರ್ತಕನಿಗೆ ಹಳದಿ ಗೆರೆಯ ಕಲ್ಲನ್ನು ತೋರಿಸಿದ ಕ್ಷಣದಿಂದ ಕಥೆ ಮುಂದುವರಿದು, ಮರಿಮಕ್ಕಳ ಕಾಲದ ಬಾವಿನೀರಿನವರೆಗೆ ಬರುತ್ತದೆ. ವಂಶಾನುಚರಿತೆಯ ಈ ಚೌಕಟ್ಟು ನಮ್ಮ ಓದುಗರಿಗೆ ಅಪರಿಚಿತವಲ್ಲ. ಒಬ್ಬನ ಕೃತ್ಯದ ಫಲವನ್ನು ಮಕ್ಕಳ ಮಕ್ಕಳು ಉಣ್ಣುವ ಬಗೆಯನ್ನು ಕಾಣಿಸುವುದಕ್ಕೆ ಅದಕ್ಕಿಂತ ಒಳ್ಳೆಯ ಚೌಕಟ್ಟು ದುರ್ಲಭ.

ಇಷ್ಟಾದರೂ ಒಂದು ಕೊರತೆಯನ್ನು ಹೇಳದೆ ಗತ್ಯಂತರವಿಲ್ಲ. ಕಥೆಗೆ ಆದಿ, ಮಧ್ಯ, ಅಂತ್ಯಗಳು ಬೇಕು. ಅನ್ಯಾಯ ಬೆಳಕಿಗೆ ಬಂದು ಅಧಿಕಾರಿಗಳು ತಲೆತಗ್ಗಿಸಿ ಉತ್ತರ ಹೇಳುವ ಸನ್ನಿವೇಶ ಸಹಜವಾಗಿಯೇ ಇಲ್ಲಿ ಅಂತ್ಯದ ಕಡೆಗೆ ಸರಿದು ನಿಲ್ಲುತ್ತದೆ. ಲೇಖಕಿ ಕೆಲಸ ಮುಗಿಯಿತೆಂದು ಎಲ್ಲಿಯೂ ಹೇಳುವುದಿಲ್ಲ. ಆದರೆ ಕಥೆಯ ರೂಪ ಅವರಿಗಿಂತ ಮುಂಚೆಯೇ ಅದನ್ನು ಹೇಳಿಬಿಡುತ್ತದೆ. ಓದುಗನು ಪುಸ್ತಕವನ್ನು ಮುಚ್ಚುವಾಗ ಉಪಶಮನವನ್ನು ಅನುಭವಿಸುತ್ತಾನೆ. ಕ್ಷಯಿಸಿ ಅರ್ಧವಾಗಲು ನಾಲ್ಕುನೂರೈವತ್ತು ಕೋಟಿ ವರ್ಷಗಳಷ್ಟು ಕಾಲ ತೆಗೆದುಕೊಳ್ಳುವ ವಸ್ತುವಿನ ವಿಷಯದಲ್ಲಿ ಉಪಶಮನವು ಔಚಿತ್ಯಭಂಗವೆಂದೇ ನಮಗೆ ತೋರುತ್ತದೆ.

ಇಲ್ಲಿಯೇ ಚಲಚ್ಚಿತ್ರದ ಮಾತನ್ನೂ ಹೇಳಬಹುದು. ೧೯೫೦ರ ದಶಕದಲ್ಲಿ ಷಿಕಾಗೊ ನಗರದವರೊಬ್ಬರು ಮಾನ್ಯುಮೆಂಟ್ ವ್ಯಾಲಿಯ ಕ್ಲೈ ಕುಟುಂಬವನ್ನು ಕುರಿತು ಒಂದು ಮೂಕಚಿತ್ರವನ್ನು ತೆಗೆದರು. ಹಲವು ದಶಕಗಳ ತರುವಾಯ ಅವರ ಮಗ ಅದನ್ನು ಆ ಕುಟುಂಬಕ್ಕೆ ಹಿಂದಿರುಗಿಸಿದರು. ಈ ಹಿಂದಿರುಗುವಿಕೆಯನ್ನೇ ವಸ್ತುವಾಗಿ ಹಿಡಿದು ಜೆಫ್ ಸ್ಪಿಟ್ಸ್ ನಿರ್ದೇಶಿಸಿದ 'ದಿ ರಿಟರ್ನ್ ಆಫ್ ನವಾಹೊ ಬಾಯ್' ೨೦೦೦ದಲ್ಲಿ ಪ್ರದರ್ಶಿತವಾಯಿತು. ಹಳೆಯ ಚಿತ್ರದಲ್ಲಿ ಆ ಜನರು ನೇಯುತ್ತಾರೆ, ನಡೆಯುತ್ತಾರೆ, ನಗುತ್ತಾರೆ, ಮಾತನಾಡುವುದಿಲ್ಲ. ಹೊಸ ಚಿತ್ರದಲ್ಲಿ ಮನೆಯ ಹಿರಿಯಳು ತೆರೆಯ ಮೇಲಿನ ಒಂದೊಂದು ಮುಖವನ್ನೂ ತೋರಿಸಿ ಹೆಸರು ಹೇಳುತ್ತಾಳೆ. ಯಾರು ಸತ್ತರು, ಯಾರು ಕೆಮ್ಮುತ್ತಿದ್ದಾರೆ ಎಂಬುದನ್ನು ತಿಳಿಸುತ್ತಾಳೆ. ಆ ಮನೆಗೆ ಸೇರಿದ, ಗಣಿಯ ಕಲ್ಲುಮಣ್ಣುಗಳಿಂದ ಕಟ್ಟಿದ್ದ ಹೋಗನ್ ಎಂಬ ಗುಡಿಸಲನ್ನು ಪರಿಸರ ಇಲಾಖೆಯವರು ೨೦೦೧ರಲ್ಲಿ ಕೆಡವಿ ಸಾಗಿಸಿದರು. ನೋಡಲ್ಪಟ್ಟವರು ನುಡಿಯತೊಡಗಿದ ಈ ಪಲ್ಲಟದಲ್ಲಿಯೇ ಚಿತ್ರದ ಬೆಲೆಯಿದೆ. ನಾವು ಉತ್ತಮವೆಂದು ಎಣಿಸುವ ಮೂರನೆಯ ಬಗೆಯ ಬರಹಕ್ಕೆ ಅದು ನಮ್ಮನ್ನು ತಂದು ಮುಟ್ಟಿಸುತ್ತದೆ.

೫

೨೦೦೬ರ ಸಂಕಲನಕ್ಕೆ ಮೂಲ, ಗಣಿಗಾರರನ್ನೂ ಅವರ ವಿಧವೆಯರನ್ನೂ ಮಕ್ಕಳನ್ನೂ ಕಂಡು, ಅವರ ಮಾತುಗಳನ್ನು ಧ್ವನಿಮುದ್ರಿಸಿಕೊಂಡು, ಛಾಯಾಚಿತ್ರಗಳೊಡನೆ ೧೯೯೭ರಲ್ಲಿ ಪ್ರಕಟಿಸಿದ ಒಂದು ಪುಸ್ತಕ. ಹೆಚ್ಚಿನವರು ನವಾಹೊ ಭಾಷೆಯಲ್ಲಿಯೇ ಮಾತನಾಡಿದರು. ಅದನ್ನು ಇಂಗ್ಲಿಷಿಗೆ ಪರಿವರ್ತಿಸಲಾಯಿತು. ಸಂಕಲನದಲ್ಲಿ ಒಬ್ಬೊಬ್ಬರ ಹೇಳಿಕೆಯೂ ಪಂಡಿತರ ಲೇಖನಗಳೂ ಒಂದರ ನಡುವೆ ಒಂದರಂತೆ ಬರುತ್ತವೆ. ಕೆನಡಿಯವರ ಕಾಲದಿಂದ ಎಂಟು ವರ್ಷ ಒಳಾಡಳಿತ ಸಚಿವರಾಗಿದ್ದು, ಆಮೇಲೆ ಗಣಿಗಾರರ ಪರವಾಗಿ ವಕೀಲರಾಗಿ ನಿಂತ ಸ್ಟುವರ್ಟ್ ಯೂಡಾಲ್ ಮುನ್ನುಡಿ ಬರೆದಿದ್ದಾರೆ. ಅವರು ಸಚಿವರಾಗಿದ್ದ ಇಲಾಖೆಗೇ ನವಾಹೊ ನಾಡಿನ ರಕ್ಷಣೆಯ ಭಾರವಿದ್ದುದನ್ನು ನೆನೆದರೆ ಆ ಮುನ್ನುಡಿಗೆ ಬೇರೊಂದು ತೂಕ ಬರುತ್ತದೆ.

ಈ ಹೇಳಿಕೆಗಳನ್ನು ಮೊದಲ ಬಾರಿ ಓದುವವನಿಗೆ ಎಲ್ಲವೂ ಒಂದೇ ರೀತಿ ಇವೆಯೆಂಬ ಬೇಸರ ಹುಟ್ಟುವುದು ಸಂಭವನೀಯ. ಸಿಡಿಮದ್ದು ಹಾರಿಸಿದ ಕೂಡಲೇ, ಹೊಗೆಯೂ ಧೂಳೂ ಇಳಿಯುವುದಕ್ಕೆ ಮುಂಚೆಯೇ ಒಳಗೆ ಹೋಗಬೇಕಾಗಿದ್ದುದು. ಗಣಿಯ ಗೋಡೆಯಿಂದ ಜಿನುಗುವ ನೀರನ್ನೇ ಕುಡಿದುದು. ಹಳದಿ ಧೂಳು ಮೆತ್ತಿದ ಬಟ್ಟೆಯಲ್ಲಿಯೇ ಮನೆಗೆ ಬಂದುದು. ಹೆಂಡತಿ ಆ ಬಟ್ಟೆಯನ್ನು ಮಕ್ಕಳ ಬಟ್ಟೆಯೊಡನೆ ಒಗೆದುದು. ಅಪಾಯವಿದೆಯೆಂದು ಯಾರೂ ಹೇಳದೆ ಇದ್ದುದು. ಒಬ್ಬರಾದಮೇಲೆ ಒಬ್ಬರು ಇದನ್ನೇ ಹೇಳುತ್ತಾರೆ. ನಮ್ಮ ಆಲಂಕಾರಿಕರು ಪುನರುಕ್ತಿಯನ್ನು ದೋಷಗಳಲ್ಲಿ ಎಣಿಸಿದ್ದಾರೆ. ಆದರೆ ದೋಷವೂ ಸಂದರ್ಭವಿಶೇಷದಲ್ಲಿ ಗುಣವಾಗುತ್ತದೆಂಬುದನ್ನು ಒಪ್ಪಿದವರೂ ಅವರೇ. ಕವಿಯೊಬ್ಬನು ಒಂದೇ ಮಾತನ್ನು ಹತ್ತು ಸಲ ಹೇಳಿದರೆ ಪುನರುಕ್ತಿ. ಒಬ್ಬರನ್ನೊಬ್ಬರು ಕಾಣದ ಹತ್ತು ಮಂದಿ ಒಂದೇ ಮಾತನ್ನು ಹೇಳಿದರೆ ಅದು ಸಂವಾದಿಯಾದ ಸಾಕ್ಷ್ಯ. ಇಲ್ಲಿಯ ಪುನರುಕ್ತಿ ಎರಡನೆಯ ಬಗೆಯದು. ಬೇಸರಗೊಂಡ ಓದುಗನು ತನ್ನ ಬೇಸರವನ್ನೇ ಪರೀಕ್ಷಿಸಿಕೊಳ್ಳಬೇಕು.

ಇನ್ನೊಂದು ವಿಶೇಷವೂ ಇದೆ. ವರದಿಯಲ್ಲಿ ಗಣಿಗಾರನೊಬ್ಬನೇ ಇದ್ದಾನೆ. ಹೇಳಿಕೆಗಳಲ್ಲಿ ಅವನ ಮನೆಯಿದೆ. ಬಟ್ಟೆ ಒಗೆಯುವವಳು, ಕುರಿ ಕಾಯುವವನು, ಗಣಿಯ ಕಲ್ಲಿನಿಂದ ಒಲೆಯನ್ನೂ ನೆಲವನ್ನೂ ಕಟ್ಟಿದವರು ಇದ್ದಾರೆ. ಅಪಾಯವು ಗಣಿಯ ಬಾಯಲ್ಲಿ ನಿಲ್ಲದೆ ಹೊಸ್ತಿಲು ದಾಟಿ ಒಳಗೆ ಬಂದುದನ್ನು ಮೊದಲು ಕಂಡು ಹೇಳಿದವರು ಹೆಂಗಸರು. ವೈದ್ಯಶಾಸ್ತ್ರ ಈ ಕಡೆಗೆ ತಿರುಗಿದುದು ಬಹಳ ತಡವಾಗಿ. ನ್ಯೂ ಮೆಕ್ಸಿಕೊ ವಿಶ್ವವಿದ್ಯಾನಿಲಯದವರು ೨೦೧೦ರ ದಶಕದಲ್ಲಿ ಗರ್ಭಿಣಿಯರನ್ನೂ ಶಿಶುಗಳನ್ನೂ ಕುರಿತು ನಡೆಸಿದ ವ್ಯಾಸಂಗವು ತಾಯಂದಿರ ದೇಹದಲ್ಲಿಯೂ ಕೆಲವು ನವಜಾತ ಶಿಶುಗಳ ದೇಹದಲ್ಲಿಯೂ ಯುರೇನಿಯಂ ಇರುವುದನ್ನು ಗುರುತಿಸಿತು. ವಿಧವೆಯರು ಬಟ್ಟೆಯ ಮಾತಿನಿಂದ ಸೂಚಿಸಿದ ಸತ್ಯಕ್ಕೆ ಶಾಸ್ತ್ರವು ಅಳತೆಯನ್ನು ಒದಗಿಸಿತು.

ಸಂಕಲನದ ಪ್ರಬಂಧಗಳಲ್ಲಿ ಯಾಜ಼ಿ-ಲೂಯಿಸ್ ಮತ್ತು ಜಿಮ್ ಜ಼ಯಾನ್ ಬರೆದಿರುವುದು ನಮಗೆ ಅತ್ಯಂತ ಮನನೀಯವೆನಿಸಿತು. ವಿಕಿರಣಕ್ಕೆ ನವಾಹೊ ಭಾಷೆಯಲ್ಲಿ ಶಬ್ದವಿರಲಿಲ್ಲ. ಅಗೆದ ವಸ್ತುವನ್ನು ಜನರು ಲೀತ್ಸೊ, ಎಂದರೆ ಹಳದಿ ಮಣ್ಣು, ಎಂದು ಕರೆದರು. ಬದುಕು ನೇರವಾಗಿ ಸಾಗದಂತೆ ಅಡ್ಡಗಟ್ಟುವ ಯಾವುದೇ ಶಕ್ತಿಗೆ ಆ ಭಾಷೆಯಲ್ಲಿ ನಯೇ ಎಂದು ಹೆಸರು. ರಾಕ್ಷಸ ಎಂಬುದು ಅದರ ಸ್ಥೂಲಾರ್ಥ. ಅವರ ಪುರಾಣದಲ್ಲಿ ಸೂರ್ಯನ ಮಕ್ಕಳಾದ ಅವಳಿ ವೀರರು ಇಂಥ ರಾಕ್ಷಸರನ್ನು ಒಬ್ಬೊಬ್ಬರನ್ನಾಗಿ ಕೊಲ್ಲುತ್ತಾರೆ. ಟೇಲರ್ ಪರ್ವತದ ಬಳಿ ಕಪ್ಪಗೆ ಹೆಪ್ಪುಗಟ್ಟಿರುವ ಜ್ವಾಲಾಮುಖಿಯ ಶಿಲಾಪ್ರವಾಹ ಅವರಲ್ಲಿ ಮಹಾಕಾಯನೊಬ್ಬನ ರಕ್ತವೆಂದು ಪ್ರತೀತಿ. ಅಮೆರಿಕದ ಅತಿ ಸಮೃದ್ಧವಾದ ಯುರೇನಿಯಂ ಪಟ್ಟಿಗಳಲ್ಲೊಂದು ಆ ಪರ್ವತದ ಆಸುಪಾಸಿನಲ್ಲಿಯೇ ಇರುವುದು ಗಮನಾರ್ಹ. ರಾಕ್ಷಸನನ್ನು ಗೆಲ್ಲಬೇಕಾದರೆ ಮೊದಲು ಅವನ ಹೆಸರು ತಿಳಿಯಬೇಕು. ಯುರೇನಿಯಂ ಎಂಬುದು ಲೀತ್ಸೊ ಎಂಬ ಹಳದಿ ರಾಕ್ಷಸ ಎಂಬುದು ಲೇಖಕರ ಪ್ರತಿಪಾದನೆ. ಇದನ್ನು ಮೂಢನಂಬಿಕೆಯೆಂದು ತಳ್ಳಿಹಾಕುವವರು ಇದರ ಶಕ್ತಿಯನ್ನು ತಿಳಿಯರು. ಹೆಸರಿಲ್ಲದ ಅಪಾಯವನ್ನು ಕುರಿತು ತಾಯಿ ಮಗುವಿಗೆ ಎಚ್ಚರಿಕೆ ಹೇಳಲಾರಳು. ಪುರಾಣ ಇಲ್ಲಿ ಅಲಂಕಾರವಾಗಿ ಬಂದಿಲ್ಲ. ಶಾಸ್ತ್ರ ಒದಗಿಸದಿದ್ದ ಪರಿಭಾಷೆಯನ್ನು ಒದಗಿಸಿದೆ.

ಗುಣಗಳನ್ನು ಹೇಳಿದಮೇಲೆ ದೋಷಗಳನ್ನೂ ಹೇಳಬೇಕು. ಹೇಳಿಕೆಗಳ ನಡುನಡುವೆ ಪಂಡಿತರ ಲೇಖನಗಳನ್ನಿಟ್ಟಿರುವುದರಿಂದ, ಮುದುಕಿಯೊಬ್ಬಳ ಮಾತು ನಮ್ಮೊಳಗೆ ಇಳಿಯುವ ಮುಂಚೆಯೇ ಅದರ ಅರ್ಥವನ್ನು ಯಾರೋ ಕೈಗಿತ್ತಂತಾಗುತ್ತದೆ. ಭಾಷಾಂತರದಲ್ಲಿ ಕಳೆದುಹೋದುದೆಷ್ಟೆಂಬುದನ್ನು ನಮ್ಮಂತೆ ಇಂಗ್ಲಿಷಿನಲ್ಲಿ ಮಾತ್ರ ಓದುವವರು ಅಳೆಯಲಾರರು. ಇವು ಸಣ್ಣ ದೋಷಗಳಲ್ಲ. ಆದರೆ ಇವು ಸಂಪಾದನೆಯ ದೋಷಗಳು. ವಚನದ ಪ್ರಾಮಾಣ್ಯಕ್ಕೆ ಇವುಗಳಿಂದ ಹಾನಿಯಿಲ್ಲ. ಸಾಕ್ಷಾತ್ತಾದ ಅರಿವು, ಪರರಿಗೆ ತಿಳಿಸುವ ಇಚ್ಛೆ ಎರಡೂ ಈ ಹೇಳಿಕೆಗಳಲ್ಲಿ ಕೂಡಿವೆ.

೬

ಪ್ರಾಮಾಣ್ಯದ ಪ್ರಶ್ನೆ ಪಂಡಿತರ ಚರ್ಚೆಗೆ ಮಾತ್ರ ಸೇರಿದುದಲ್ಲವೆಂದು ಆರಂಭದಲ್ಲಿ ಹೇಳಿದೆವು. ಅದಕ್ಕೆ ಆಧಾರವನ್ನು ಈಗ ಕೊಡಬಹುದು. ನವಾಹೊ ಗಣಿಗಾರರು ಹೂಡಿದ ದಾವೆಯನ್ನು ಅರಿಜೋನದ ಕೇಂದ್ರ ನ್ಯಾಯಾಲಯ ೧೯೮೪ರಲ್ಲಿ ತಿರಸ್ಕರಿಸಿತು. ಮೇಲ್ಮನವಿಯಲ್ಲಿ ೧೯೮೫ರಲ್ಲಿ ಅದೇ ತೀರ್ಪು ನಿಂತಿತು. ಗಣಿಗಾರರಿಗೆ ತಿಳಿಸದಿರುವುದು ಸರಕಾರದ ವಿವೇಚನೆಗೆ ಸೇರಿದ ನೀತಿಯಾದುದರಿಂದ ನಷ್ಟಕ್ಕೆ ಸರಕಾರ ಹೊಣೆಯಲ್ಲವೆಂಬುದು ಅದರ ಸಾರ. ಕೊನೆಗೆ ೧೯೯೦ರಲ್ಲಿ ವಿಕಿರಣ ಪರಿಹಾರದ ಶಾಸನ ಬಂದಿತು. ಅದರಲ್ಲಿ ರಾಷ್ಟ್ರದ ಪರವಾಗಿ ಕ್ಷಮೆ ಯಾಚಿಸಲಾಗಿತ್ತು. ಅರ್ಹನಾದ ಗಣಿಗಾರನಿಗೆ ಅಥವಾ ಅವನ ಉತ್ತರಾಧಿಕಾರಿಗಳಿಗೆ ಒಂದು ಲಕ್ಷ ಡಾಲರುಗಳನ್ನು ಕೊಡಬೇಕೆಂದು ವಿಧಿಸಲಾಗಿತ್ತು.

ಆದರೆ ಅರ್ಹತೆಯನ್ನು ಸ್ಥಾಪಿಸುವುದು ಯಾವುದರಿಂದ? ಕಾಗದದಿಂದ. ಇಂಥ ಗಣಿಯಲ್ಲಿ ಇಷ್ಟು ಕಾಲ ದುಡಿದು ಇಷ್ಟು ಪ್ರಮಾಣದ ವಿಕಿರಣಕ್ಕೆ ಗುರಿಯಾದನೆಂಬುದಕ್ಕೆ ದಾಖಲೆ ಬೇಕು. ಆದರೆ ಸಣ್ಣ ಗಣಿಗಳ ಮಾಲಿಕರಲ್ಲಿ ಅನೇಕರು ದಾಖಲೆಯನ್ನೇ ಇಟ್ಟಿರಲಿಲ್ಲ. ವಿಧವೆಗೆ ವಿವಾಹದ ಪತ್ರ ಬೇಕು. ಆದರೆ ಅವಳ ಮದುವೆ ಹಿರಿಯರ ಮುಂದೆ ನವಾಹೊ ಸಂಪ್ರದಾಯದಂತೆ ಆಗಿತ್ತು. ಐವತ್ತು ವರ್ಷ ಒಬ್ಬನೊಡನೆ ಬಾಳಿ, ಅವನ ಬಟ್ಟೆ ಒಗೆದು, ಅವನ ಕೊನೆಯ ಕೆಮ್ಮನ್ನು ಕೇಳಿದವಳು ತಾನು ಅವನ ಹೆಂಡತಿಯೆಂದು ಹೇಳಿದರೆ ಅದು ಪ್ರಮಾಣವಾಗಲಿಲ್ಲ. ೨೦೦೦ದ ತಿದ್ದುಪಡಿಯು ಇಂಥ ಕಾಠಿನ್ಯವನ್ನು ಎಷ್ಟೋ ಸಡಿಲಿಸಿತು. ಮೊದಲು ೨೦೦ ಎಂದಿದ್ದ ವಿಕಿರಣದ ಮಾನವನ್ನು ೪೦ಕ್ಕೆ ಇಳಿಸಿತು. ಈ ಸಡಿಲಿಕೆಗೆ ಗಣಿಗಾರರೂ ವಿಧವೆಯರೂ ಸಭೆಸಭೆಗಳಲ್ಲಿ ನಿಂತು ಹೇಳಿದ ಮಾತುಗಳ ಒತ್ತಾಯವೂ ಒಂದು ಕಾರಣ. ಶಾಸನದ ಅವಧಿ ೨೦೨೪ರ ಜೂನಿನಲ್ಲಿ ಮುಗಿದು, ೨೦೨೫ರ ಜುಲೈಯಲ್ಲಿ ಅದು ಮತ್ತೆ ಜಾರಿಗೆ ಬಂದಿತು. ನಡುವಣ ಒಂದು ವರ್ಷ, ಕಾಯುತ್ತಿದ್ದ ಮುದುಕರ ಪಾಲಿಗೆ ಸಣ್ಣ ಅವಧಿಯಾಗಿರಲಿಲ್ಲ.

ಮಾತಿಗೆ ದೊರೆಯುವ ಬೆಲೆ ಆಡಿದವರ ಸ್ಥಾನವನ್ನು ಅವಲಂಬಿಸಿರುತ್ತದೆಂಬುದಕ್ಕೆ ಇನ್ನೊಂದು ನಿದರ್ಶನವನ್ನು ಕೊಡುತ್ತೇವೆ. ೧೯೭೯ರ ಮಾರ್ಚ್ ೨೮ರಂದು ಪೆನ್ಸಿಲ್ವೇನಿಯದ ತ್ರೀ ಮೈಲ್ ಐಲೆಂಡ್ ವಿದ್ಯುದಾಗಾರದಲ್ಲಿ ಅಪಘಾತವಾಯಿತು. ಅದರ ಹೆಸರು ಜಗತ್ತಿಗೆಲ್ಲ ತಿಳಿಯಿತು. ಅದೇ ವರ್ಷ ಜುಲೈ ೧೬ರಂದು ನ್ಯೂ ಮೆಕ್ಸಿಕೊದ ಚರ್ಚ್ ರಾಕ್ ಎಂಬಲ್ಲಿ ಯುರೇನಿಯಂ ಕಾರ್ಖಾನೆಯೊಂದರ ಕಟ್ಟೆ ಒಡೆದು, ೧,೧೦೦ ಟನ್ನು ಘನ ತ್ಯಾಜ್ಯವೂ ಒಂಬತ್ತು ಕೋಟಿ ಗ್ಯಾಲನ್ನಿಗೂ ಹೆಚ್ಚು ಆಮ್ಲಮಿಶ್ರಿತ ನೀರೂ ಪ್ಯೂರ್ಕೊ ನದಿಗೆ ನುಗ್ಗಿದುವು. ಹೊರಬಿದ್ದ ವಿಕಿರಣದ ಮೊತ್ತದಲ್ಲಿ ಇದು ಮೊದಲನೆಯದನ್ನು ಮೀರಿದುದೆಂದು ಎಣಿಸಲಾಗಿದೆ. ಆ ನದಿಯ ದಂಡೆಯಲ್ಲಿ ಕುರಿ ಮೇಯಿಸುತ್ತಿದ್ದವರು ನವಾಹೊಗಳು. ಅದರ ಹೆಸರನ್ನು ಕೇಳಿದವರು ವಿರಳ.

೭

ಈ ಪ್ರಸಂಗ ಮುಗಿದುದಲ್ಲ. ೨೦೦೫ರಲ್ಲಿ ನವಾಹೊ ಸರಕಾರ ತನ್ನ ನೆಲದಲ್ಲಿ ಯುರೇನಿಯಂ ಗಣಿಗಾರಿಕೆಯನ್ನೂ ಸಂಸ್ಕರಣವನ್ನೂ ನಿಷೇಧಿಸುವ ಶಾಸನ ಮಾಡಿತು. ಕೆರ್-ಮೆಕ್‌ಗೀ ಕಂಪನಿಯ ಹೊಣೆಗೆ ಸಂಬಂಧಿಸಿದಂತೆ ೨೦೧೫ರಲ್ಲಿ ಜಾರಿಗೆ ಬಂದ ರಾಜಿಯಿಂದ ಸುಮಾರು ೫೦ ಗಣಿಗಳ ಶುದ್ಧೀಕರಣಕ್ಕಾಗಿ ನೂರು ಕೋಟಿ ಡಾಲರುಗಳ ಹತ್ತಿರ ಹತ್ತಿರದ ಹಣ ಒದಗಿತು. ಉಳಿದ ನೂರಾರು ಗಣಿಗಳ ಕೆಲಸ ಮುಂದಿದೆ. ಆದಕಾರಣ ಈ ವಿಷಯದ ಬರಹಕ್ಕೆ ಸಮಾಪ್ತಿವಾಕ್ಯ ಸಲ್ಲದು. ಹೇಳಿಕೆಗಳ ಸಂಕಲನ ಒಂದರ ಪಕ್ಕದಲ್ಲಿ ಇನ್ನೊಂದಕ್ಕೆ ಯಾವಾಗಲೂ ಎಡೆಗೊಡುವ ರೂಪವಾದುದರಿಂದ, ಅದೇ ಈ ವಸ್ತುವಿಗೆ ಹೆಚ್ಚು ಉಚಿತವೆಂದು ನಮ್ಮ ನಿರ್ಣಯ. ವರದಿಯ ಅರಿವು ಬೇಕು, ಕಥೆಯ ಬಲವೂ ಬೇಕು. ಆದರೆ ಎರಡೂ ಈ ವಚನಗಳ ಮುಂದೆ ತಮ್ಮನ್ನು ಒಪ್ಪಿಸಿಕೊಂಡು ತಿದ್ದಿಕೊಳ್ಳಬೇಕು.

ಕನ್ನಡದ ವಿದ್ಯಾರ್ಥಿಗಳಿಗೆ ಇದರಿಂದ ಗ್ರಾಹ್ಯವಾದುದೇನು? ನಮ್ಮ ನಾಡಿನ ಯಾದಗಿರಿ ಜಿಲ್ಲೆಯ ಗೋಗಿಯಲ್ಲಿಯೂ ಯುರೇನಿಯಂ ಅದಿರು ದೊರೆತಿದೆ. ಅದನ್ನು ತೆಗೆಯುವ ಪ್ರಸ್ತಾಪಕ್ಕೆ ಅಲ್ಲಿಯ ಜನರಿಂದ ವಿರೋಧವೂ ಬಂದಿದೆ. ತೆಗೆಯಬೇಕೇ ಬೇಡವೇ ಎಂಬುದನ್ನು ತೀರ್ಮಾನಿಸುವುದು ಈ ಲೇಖನದ ಅಧಿಕಾರಕ್ಕೆ ಸೇರಿದುದಲ್ಲ. ಆದರೆ ಜನಪದದ ಮಾತುಗಳನ್ನು ಸಂಗ್ರಹಿಸಲು ಹಳ್ಳಿಗೆ ಹೋಗುವ ನಮ್ಮ ವಿದ್ಯಾರ್ಥಿ ಹಾಡನ್ನೂ ಗಾದೆಯನ್ನೂ ಮಾತ್ರ ಬರೆದುಕೊಂಡು, ಹೇಳಿದವಳ ಬಾವಿ, ಹೊಲ, ಕಾಯಿಲೆಗಳ ಮಾತು ಬಂದಾಗ ಲೇಖನಿಯನ್ನು ಕೆಳಗಿಡುವುದುಂಟು. ಅದು ಸಲ್ಲದೆಂಬುದನ್ನು ಈ ಗ್ರಂಥ ಕಲಿಸುತ್ತದೆ. ಯಾರು ಹೇಳಿದರು, ಯಾವ ಪ್ರಶ್ನೆಗೆ ಹೇಳಿದರು, ಯಾವ ನುಡಿಯಲ್ಲಿ ಹೇಳಿದರು ಎಂಬುದನ್ನು ಅವನು ತಪ್ಪದೆ ಬರೆದುಕೊಳ್ಳಬೇಕು. ಬರೆದುದನ್ನು ಹೇಳಿದವಳಿಗೇ ಓದಿ ಹೇಳಿ ಒಪ್ಪಿಗೆ ಪಡೆಯಬೇಕು. ೧೯೫೦ರಲ್ಲಿ ಗಣಿಗಾರರ ಎದೆಯ ಚಿತ್ರ ತೆಗೆದವರು ಮಾಡದೆ ಬಿಟ್ಟುದು ಈ ಕೊನೆಯ ಕೆಲಸವನ್ನೇ.